ನಳದ ಬಾಯಿಗೆ ಕಟ್ಟಿದ ಅರಿವೆ

ಪಚಕ್! ಒದ್ದೆ ಅರಿವೆಯೊಂದು ಸ್ಟೀಲ್ ತಟ್ಟೆಗೆ ಬಿದ್ದ ಸದ್ದು ಅದು. ನೆನಪಾದರೆ ಈಗಲೂ ಕೈಯಲ್ಲಿನ ನೀರಿನ ಲೋಟ ಕೆಳಗಿಡುತ್ತೇನೆ.

ರಿಟೈರ್ ಆದ ಮೇಲೂ ಸುರಪುರದ ಶಾಲೆಯೊಂದರಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದೆ. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನ ಲ್ಯಾಬಿನಲ್ಲಿ ಫಿನಾಯಿಲ್ ವಾಸನೆ, ಬಿಳಿ ಏಪ್ರನ್ನಿನ ಸಿಸ್ಟರ್. ಕಣ್ಣಿಗೆ ಕಂಡಿದ್ದನ್ನೇ ಬರೆಯಿರಿ ಎನ್ನುತ್ತಿದ್ದರು. ಹೋದವು ಆ ದಿನಗಳು. ನಾನೂ ಅದನ್ನೇ ಹೇಳಿ, ಶಾಲೆಯ ಕುಡಿಯುವ ನೀರು ಯಾಕೆ ನಾರುತ್ತದೆಂದು ಪತ್ತೆಹಚ್ಚಲು ಎಂಟನೆಯ ತರಗತಿಯವರನ್ನು ಬಿಟ್ಟಿದ್ದೆ. ಬೆಸ್ಟ್ ಎನಿಸಿದವರಿಗೆ ಯಾದಗಿರಿಯ ವಿಜ್ಞಾನ ಪ್ರದರ್ಶನ. ರಂಗಂಪೇಟೆಯ ಹುಡುಗಿಯೊಬ್ಬಳು ಹೋಗಲೇಬೇಕೆಂದು ಹಟ ಹಿಡಿದಿದ್ದಳು.

ಫೈಂಡಿಂಗ್ಸ್ ಹೇಳುವ ದಿನ ಹೆಡ್‌ಮಾಸ್ತರರೂ ಬಂದು ಮುಂದೆ ಕೂತರು. ಉಳಿದವರೆಲ್ಲ ನೀರಿನ ಟಾಕಿಯದೇ ತಪ್ಪೆಂದರು. ಇವಳು ಮಾತ್ರ ನಳಕ್ಕೆ ಕಟ್ಟಿದ್ದ ಅರಿವೆಯನ್ನೇ ಬಿಚ್ಚಿ ತಂದು ಸ್ಟೀಲ್ ತಟ್ಟೆಗೆ ಹಾಕಿದಳು. ಕಸ ಬರಬಾರದೆಂದು ನಮ್ಮ ಕಡೆ ಹಾಗೆ ಕಟ್ಟುವುದು ರೂಢಿ; ಇದಂತೂ ಹೆಡ್‌ಮಾಸ್ತರರು ತಮ್ಮದೇ ಧೋತರ ಹರಿದು ಕಟ್ಟಿದ್ದು. ಕಟ್ಟಿದ ಮೇಲೆ ಯಾರೂ ಒಗೆದಿರಲಿಲ್ಲ. ಲೋಳೆ, ಕಪ್ಪು ಗಸಿ, ನಡುವೆ ಮಿಸುಕುವ ಕೆಂಪು ಹುಳ. ಡಿಸ್‌ಗಸ್ಟಿಂಗ್!

"ಟಾಕ್ಯಾಗಿನ ನೀರಿಗೆ ವಾಸನಿ ಇಲ್ರಿ. ಈ ಅರಿವಿ ದಾಟಿದ ಮ್ಯಾಲ ಬರ್ತದ್ರಿ," ಎಂದಳು.

ಹಿಂದಿನ ಬೆಂಚಿನಿಂದ ಒಬ್ಬಳು, "ಇಷ್ಟ್ ದಿನ ಸರ್ ಧೋತರದ ಸಾರು ಕುಡ್ದೇವಲ್ಲಬೇ," ಎಂದದ್ದೇ ಕ್ಲಾಸೆಲ್ಲ ನಕ್ಕಿತು.

ಆ ನಗೆಗೇ ಹೆಡ್‌ಮಾಸ್ತರರು ಕೆರಳಿದರು. "ನೀರು ಶುದ್ಧ ಅದ ಅಂತ ಬರಿ. ಯಾದಗಿರಿಗೆ ಹೋಗು. ಇಲ್ಲಂದ್ರ ಇಲ್ಲೇ ಕೂಡು."

ಹುಡುಗಿ ನನ್ನ ಕಡೆ ನೋಡಿದಳು. ಕಂಡದ್ದನ್ನೇ ಬರಿ ಎಂದೆ. ಅವಳು ಅದೇ ಅರಿವೆಯಿಂದ ಸೋಸಿದ್ದ ನೀರಿನ ಲೋಟವನ್ನು ಅವರ ಮುಂದೆ ಸರಿಸಿದಳು.

"ನೀವು ಕುಡೀರಿ ಸರ್. ಆಮ್ಯಾಗ ಬರೀತೀನಿ."

ಅವರ ಕೈ ಲೋಟದ ತನಕ ಬಂದು ಹಿಂದೆ ಸರಿಯಿತು. ಹುಳಗಳಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ಕೈ. ಮಕ್ಕಳು ಕುಡಿಯಬಹುದಾದ್ದನ್ನು ತಾನು ಮುಟ್ಟಲಾರದ ಕೈ.

ಯಾದಗಿರಿಗೆ ಹೋದದ್ದು ಶಹಾಪುರದ ಅಂಗಡಿಯಿಂದ ತಂದ ರೆಡಿಮೇಡ್ ಥರ್ಮೋಕೋಲ್ ಜ್ವಾಲಾಮುಖಿ, ಅದನ್ನು ಹಿಡಿದುಕೊಳ್ಳಲು ಬೇರೊಬ್ಬ ಹುಡುಗಿ. ಇನ್ನು ಶಾಲೆಗೆ ಬರುವುದಿಲ್ಲವೆಂದು ನಾನು ಹೆಡ್‌ಮಾಸ್ತರರ ಮುಖಕ್ಕೇ ಹೇಳಿದೆ.

ಚೀಲ ಹಿಡಿದು ಗೇಟಿನ ಹತ್ತಿರ ಬಂದಾಗ ಪ್ರದರ್ಶನದ ಜೀಪು ಹೊರಟಿತ್ತು. ನಳದ ಹತ್ತಿರ ನಿಂತಿದ್ದ ರಂಗಂಪೇಟೆಯ ಹುಡುಗಿ ಅದರತ್ತ ತಿರುಗಲಿಲ್ಲ. ನಳಕ್ಕೆ ಅದೇ ಧೋತರದ ಹೊಸ ತುಂಡು ಬಿಗಿದಿದ್ದರು. ಬಿಚ್ಚಿ ಗಟಾರಕ್ಕೆ ಎಸೆದಳು, ಕೈ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಬೊಗಸೆ ತುಂಬ ನೀರು ಹಿಡಿದು, ಮೂಸಿ ನೋಡಿ ಕುಡಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.