ದ್ರಾಕ್ಷಿ ಹಿಡಿದು ಹುಳುವಿನ ಪಾಠ

ರೇಷ್ಮೆ ಹುಳು ಸಾಕುವುದನ್ನು ಹೊಸಬರಿಗೆ ಕಲಿಸುವುದು ನನ್ನ ಕೆಲಸ. ಮೇಲೂರಿನ ತರಬೇತಿಗೆ ಮೇಲಧಿಕಾರಿ ಪ್ರೊಜೆಕ್ಟರ್ ಕೊಟ್ಟು, ಪಾಠವೆಲ್ಲ ಪರದೆಯ ಮೇಲೇ ಆಗಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಚಿತ್ರ ಕಾಣಲೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಸ್ವಲ್ಪ ಹೊತ್ತಿಗೇ ಮುಂದಿನ ಸಾಲಿನ ಹೆಂಗಸರು ತೂಕಡಿಸತೊಡಗಿದರು.

ನನಗೆ ರೇಗಿತು, ಅವರ ಮೇಲಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ನಾವು ಹಣ್ಣಾಗಿದೆ ಎನ್ನುತ್ತೇವೆ. ಬೆಳಕಿಗೆ ಹಿಡಿದರೆ ಅದರ ಮೈಯೊಳಗೆ ಬೆಳಕು ಹಾಯುತ್ತದೆ. ಅದನ್ನು ಗುರುತಿಸಲು ಇವರನ್ನು ಕತ್ತಲಲ್ಲಿ ಕೂರಿಸಿ ಕಲಿಸುವುದೇ? ನಿಜವಾದ ಹುಳುವನ್ನೇ ತೋರಿಸೋಣವೆಂದರೆ, ರೋಗ ಹರಡೀತೆಂದು ಯಾರೂ ಹುಳು ಮನೆಯಿಂದ ಹುಳುವನ್ನು ಆಚೆ ಕೊಡುವುದಿಲ್ಲ. ಸರಿ, ಪ್ರೊಜೆಕ್ಟರ್ ಆರಿಸಿ ಕಿಟಕಿ ತೆರೆಸಿದೆ. ಊಟಕ್ಕೆಂದು ತರಿಸಿದ್ದ ದ್ರಾಕ್ಷಿಯನ್ನೇ ಹಂಚಿ, ಬಿಸಿಲಿಗೆ ಹಿಡಿದು ಹಣ್ಣು ಯಾವುದು, ಕಾಯಿ ಯಾವುದು ಹೇಳಿ ಎಂದೆ.

“ಇದು ಹಣ್ಣು ಕಣಕ್ಕ!”

“ಎಲ್ಲೇ? ಒಳಗೆ ಇನ್ನೂ ಮಬ್ಬಾಗೈತೆ, ಬಿಡು ಇನ್ನೊಂದು ದಿನ.”

ತೂಕಡಿಸುತ್ತಿದ್ದವರೇ ಜಗಳಕ್ಕೆ ಬಿದ್ದರು.

ಆಗಲೇ ಮೇಲಧಿಕಾರಿ ಒಳಗೆ ಬಂದರು. “ಏನ್ ಮೇಡಂ, ಟ್ರೈನಿಂಗ್ ಬಿಟ್ಟು ದ್ರಾಕ್ಷಿ ತಿನ್ನಿಸ್ತಾ ಇದೀರಾ?”

“ತಿನ್ನೋದು ಪಾಠ ಆದ್ಮೇಲೆ ಸಾರ್. ಬನ್ನಿ, ನೀವೂ ಒಂದು ಹಿಡ್ಕೊಳ್ಳಿ.”

ಅವರು ಹಿಡಿಯಲಿಲ್ಲ. “ಪ್ರೊಜೆಕ್ಟರ್ ಇಲ್ದೆ ಇನ್ನೊಂದು ಟ್ರೈನಿಂಗ್ ಮಾಡಿದ್ರೆ ನಾನು ಸುಮ್ನಿರಲ್ಲ” ಎಂದು ಹೊರಟರು.

ಅವರ ಮಾತು ಮೀರಲಿಲ್ಲ. ಚಿಂತಾಮಣಿಯ ತರಬೇತಿಗೂ ಪ್ರೊಜೆಕ್ಟರನ್ನು ತಪ್ಪದೆ ಹೊತ್ತೊಯ್ದೆ. ದ್ರಾಕ್ಷಿ ಬುಟ್ಟಿ ಇಡಲು ಅದರ ಪೆಟ್ಟಿಗೆ ಸರಿಯಾದ ಎತ್ತರಕ್ಕಿದೆ.