ಮೇಲಿನಿಂದ ಬಿಟ್ಟ ರೊಟ್ಟಿ

ಹಣಮಂತ ಆ ಮಾತು ಅಂದಿದ್ದಿಲ್ಲ. ಅದನ್ನು ಹುಟ್ಟಿಸಿದಾಕಿ ನಾನು. ಊರ ಹುಡುಗರ ಸಂಘ ಒಡೆದದ್ದು, ದಾರಿ ಅರ್ಧಕ್ಕೆ ನಿಂತದ್ದು ಆ ಮಾತಿನಿಂದ — ಅಂದರೆ ನನ್ನಿಂದ.

ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಚಂದ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ಊರಿಗೆ ಕರೆಂಟು ಬಂದ ಮರುವರ್ಷದ ಮಾತು, ಎಂಬತ್ತನೇ ಇಸವಿಯ ಆಚೀಚೆ. ಮ್ಯಾಟ್ರಿಕ್ ಪಾಸಾದ ಹುಡುಗರು ನೌಕರಿಯಿಲ್ಲದೆ ಕಟ್ಟೆಯ ಮೇಲೆ ಕೂತು ಹಿರಿಯರ ಕೈಲಿ ಬೈಸಿಕೊಳ್ಳುತ್ತಿದ್ದರು. ನನ್ನ ಅಣ್ಣನ ಮಗ ಬಸವರಾಜ ಅವರಲ್ಲೊಬ್ಬ. ಊರ ಹೊರಗಿನ ಕೇರಿಯ ಹಣಮಂತ ಅವನ ಕೂಡ ಸಾಲಿ ಕಲಿತವ. ಇಬ್ಬರೂ ಸೇರಿ ಸಂಘ ಕಟ್ಟಿದರು. ಬಸ್ಸು ಸಿಗುವುದು ನೆಲೋಗಿಯಲ್ಲಿ, ದೊಡ್ಡ ಸಾಲಿ ಇರುವುದೂ ಅಲ್ಲೇ. ಮಳೆ ಬಿದ್ದರೆ ಅಲ್ಲಿಗೆ ಹೋಗುವ ಕರಿ ಎರಿಮಣ್ಣಿನ ದಾರಿ ಮೊಣಕಾಲತನಕ ನುಂಗುತ್ತಿತ್ತು. ಮಳೆಗಾಲಕ್ಕೆ ಸಾಲಿ ಬಿಟ್ಟ ಹುಡುಗಿಯರು ಮತ್ತೆ ಹೋಗುತ್ತಿರಲಿಲ್ಲ. ಸರಕಾರದ ಹಾದಿ ಕಾಯುವುದು ಬೇಡ, ನಾವೇ ಗಟ್ಟಿ ಮುರುಮು ಮಣ್ಣು ಹಾಕಿ ದಾರಿ ಮಾಡೋಣ ಅಂದರು ಹುಡುಗರು. ಕೂಲಿ ಇಲ್ಲ. ದುಡಿದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು — ಅದೇ ಕರಾರು.

ರೊಟ್ಟಿ ಬಡಿಯುವ ಕೆಲಸ ನನ್ನದು. ಗಂಡ ಸತ್ತಿದ್ದ, ಮಕ್ಕಳಿದ್ದಿಲ್ಲ. ಬಸವರಾಜ ನನ್ನ ಕೈರೊಟ್ಟಿ ತಿಂದೇ ಬೆಳೆದವ.

"ಅತ್ತಿ, ಎಲ್ಲಾರಿಗೂ ಒಂದೇ ನಮೂನಿ ನೀಡ್ತಿಯಲ್ಲಾ?" ಅಂದ.

"ಕೊರಳಾಗ ಲಿಂಗ ಕಟ್ಕೊಂಡಾಕಿಗಿ ನೀ ಕಲಿಸಾಕತ್ತಿಯೇನಲೇ?" ಅಂದು ನಕ್ಕೆ.

ಮೊದಮೊದಲು ಅವನೇ ಬುಟ್ಟಿ ಹಿಡಿದು ನೀಡುತ್ತಿದ್ದ. ಆ ಒಂದು ದಿನ ಊರೊಳಗಿನ ಹುಡುಗರನ್ನು ಕರೆದುಕೊಂಡು, ಬಂಡಿ ಹೊಡೆದುಕೊಂಡು ಮುರುಮು ತರಲು ಹೋಗಿದ್ದ. ಕೇರಿಯ ಹುಡುಗರು ಮೊದಲು ಊಟಕ್ಕೆ ಬಂದರು. ಹಣಮಂತ ಎರಡೂ ಕೈ ಚಾಚಿದ. ನೋಡುವವರು ಬೇರೆ ಯಾರೂ ಇದ್ದಿಲ್ಲ. ನನ್ನ ಕೈ ತಾನೇ ಮೇಲಕ್ಕೆ ಹೋಯಿತು — ಇಲ್ಲ, ಕೈ ತಾನೇ ಹೋಗುವುದಿಲ್ಲ. ನಾನೇ ಎತ್ತಿದೆ. ಮುಟ್ಟಬಾರದಂತ ಮೇಲಿನಿಂದ ರೊಟ್ಟಿ ಬಿಟ್ಟೆ.

ಅವ ಕೈ ಹಿಂದಕ್ಕೆ ತೆಗೆದ. ರೊಟ್ಟಿ ಮಣ್ಣಿಗೆ ಬಿತ್ತು. ಅದನ್ನು ಎತ್ತಿ, ಮಣ್ಣು ಝಾಡಿಸಿ, ನನ್ನ ಬುಟ್ಟಿಯೊಳಗೇ ಇಟ್ಟ.

"ಅಷ್ಟ ಮ್ಯಾಲ ಕೈ ಎತ್ತಬ್ಯಾಡ್ರಿ ಅವ್ವಾರ, ತೋಳ ನೋಯ್ತಾವ."

ಅಷ್ಟೇ ಅಂದದ್ದು. ಸಲಿಕೆ ಅಲ್ಲೇ ಬಿಟ್ಟು ನಡೆದ. ಉಳಿದವರೂ ಅವನ ಹಿಂದೆ ಹೋದರು.

ಬಂಡಿ ಬಂತು. "ಹಣಮಂತೆಲ್ಲಿ ಅತ್ತಿ?" ಅಂತ ಬಸವರಾಜ ಕೇಳಿದ.

"ಹ್ವಾದ. ಪುಕ್ಕಟ ದುಡಿಯಾಕ ನಾವೇನ್ ನಿಮ್ಮ ಆಳಲ್ಲ, ಕೂಲಿ ಕೊಟ್ರ ಬರ್ತೇವಂದ."

ಬಸವರಾಜ ಕೇರಿಗೆ ಹೋಗಿ ಒದರಾಡಿದನಂತೆ. ಹಣಮಂತ ಜಗಳ ಆಡಲಿಲ್ಲ. "ನಿಮ್ಮತ್ತಿಗಿ ಕೇಳಲೇ" ಅಂದನಂತೆ. ಹುಡುಗ ತಿರುಗಿ ಬಂದು ನನ್ನ ಹೊಸ್ತಿಲಲ್ಲಿ ನಿಂತು ಮತ್ತೆ ಕೇಳಿದ. ಆ ಮಾತು ಸುಳ್ಳು ಅಂತ ನಾನು ಅನ್ನಲಿ ಅಂತಲೇ ಕೇಳಿದ — ಅವನ ಮುಖದಲ್ಲಿ ಅದು ಕಾಣುತ್ತಿತ್ತು. ನಾನು ಹಿಟ್ಟು ನಾದುತ್ತಿದ್ದೆ. ತಲೆ ಎತ್ತದೆ ಅದೇ ಮಾತು ಮತ್ತೆ ಅಂದೆ.

ಮೊದಲನೇ ಸಲ ಅಂಜಿಕೆ. ನಿಜ ತಿಳಿದರೆ ಬಸವರಾಜ ನನ್ನ ಕೈಯಲ್ಲಿ ಉಣ್ಣುವುದು ಬಿಡುತ್ತಾನೆ ಅಂತ. ಎರಡನೇ ಸಲದ್ದಕ್ಕೆ ಏನನ್ನಬೇಕು —

ಸಂಘ ಮುರಿಯಿತು. ಹಾಕಿದಷ್ಟು ಮುರುಮನ್ನು ಮುಂದಿನ ಮಳೆಗೆ ಎರಿ ನುಂಗಿತು. ದೊಡ್ಡ ಸಾಲಿಗೆ ಹೆಸರು ಹಚ್ಚಿದ್ದ ಹುಡುಗಿಯರು ಮನೆಯಲ್ಲಿ ಕೂತರು. ಹಣಮಂತ ಮುಂಬೈಗೆ ಹೋದ. ತಾಯಿ ಸತ್ತಾಗ ಬಂದಿದ್ದ. ನನ್ನ ಮನೆ ಮುಂದೆಯೇ ಹಾದು ಹೋದ. ನಾನು ಬಾಗಿಲ ಹಿಂದೆ ನಿಂತಿದ್ದೆ.

ದಾರಿ ಆಮೇಲೆ ಸರಕಾರವೇ ಮಾಡಿತು. ಮನಸ್ಸು ಯಾರು ಮಾಡಿಕೊಡಬೇಕು? ಬಸವರಾಜ ಈಗ ಊರ ಹಿರಿಯ. ಇವತ್ತಿನ ಹುಡುಗರು ಎಲ್ಲರೂ ಕೂಡಿ ಏನಾದರೂ ಮಾಡುತ್ತೇವೆ ಅಂದರೆ, "ಆ ಮಂದಿಗಿ ನಂಬಬ್ಯಾಡ್ರಿ, ನಾ ನಂಬಿ ನೋಡೇನಿ" ಅನ್ನುತ್ತಾನೆ. ಅವ ಅಂಥವನಿದ್ದಿಲ್ಲ. ಆ ಮಾತನ್ನು ಅವನ ಬಾಯಿಗೆ ತುತ್ತು ಮಾಡಿ ಇಟ್ಟಾಕಿ ನಾನು.

ಸೋಮವಾರಕ್ಕೊಮ್ಮೆ ಉಣ್ಣಲು ಬರುತ್ತಾನೆ. "ನಿನ್ನಂಥಾ ರೊಟ್ಟಿ ಯಾರೂ ಬಡಿಯಂಗಿಲ್ಲತ್ತಿ" ಅನ್ನುತ್ತಾನೆ. ಎದುರಿಗೆ ಕೂತೇ ಇರುತ್ತಾನೆ — ಆದರೂ ನನ್ನ ಕೂಡ ಯಾರೂ ಇಲ್ಲ. ಅವ ಕೂತದ್ದು ಬೇರೆ ಯಾವಳೋ ಅತ್ತೆಯ ಮುಂದೆ. ನಾನು ಎಂಥಾಕಿ ಅಂತ ತಿಳಿದು ಎದುರಿಗೇ ಅಂದವ ಒಬ್ಬನೇ ಇದ್ದ, ಅವನನ್ನು ಊರು ಬಿಡಿಸಿದೆ.

ಬರುವ ಸೋಮವಾರ ಹೇಳುತ್ತೇನೆ. ಇಷ್ಟು ವರ್ಷ, ಉಂಡ ಮೇಲೆ ಹೇಳಿದರಾಯಿತು ಅಂತ ಮುಂದೆ ಹಾಕಿದೆ. ಉಂಡವ ಕೈ ತೊಳೆದು ಹೋದ. ಈ ಸಲ ಉಣ್ಣುವ ಮೊದಲೇ. ತಾಟು ಇಟ್ಟು, ರೊಟ್ಟಿ ಕೈಯಲ್ಲೇ ಹಿಡಿದು ಹೇಳುತ್ತೇನೆ. ಅವ ಎದ್ದು ಹೋದರೆ ಹೋಗಲಿ.