ಸರೋಜತ್ತೆ ಕತ್ತರಿಸಿದ ಸಿನಿಮಾ

ಒಣಮೆಣಸಿನಕಾಯಿಯ ಘಾಟಿಗೆ ಉಳಿದವರಿಗೆ ಸೀನು ಬರುತ್ತದೆ, ನನಗೆ ಸಿನಿಮಾ ನೆನಪಾಗುತ್ತದೆ. ಈಚೆಗೊಂದು ದಿನ ಸಿಂಧನೂರಿನ ಬಸ್ ಸ್ಟ್ಯಾಂಡಿನ ಹೊರಗೆ ಟ್ರ್ಯಾಕ್ಟರಿನಿಂದ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದರು. ಆ ಘಾಟು ಗಂಟಲಿಗೆ ಇಳಿದದ್ದೇ ತಡ, ಮಸ್ಕಿಯ ನಮ್ಮ ಹಳೆಯ ಮನೆಯ ಹಿತ್ತಲು, ಬೇವಿನ ನೆರಳು, ಕೆಂಪು ರಾಶಿಯ ಸುತ್ತ ಕುಳಿತ ಹೆಂಗಸರು, ಅವರ ನಡುವೆ ಉರಿಯುವ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತ ಮಾತಾಡುವ ಸರೋಜತ್ತೆ, ಎಲ್ಲರೂ ಎದ್ದು ಬಂದರು. ಸರೋಜತ್ತೆ ಎಂದರೆ ನಮ್ಮಪ್ಪನ ತಂಗಿ. ಆಕೆಯ ಬಗ್ಗೆ ನಮ್ಮ ಬಳಗದಲ್ಲಿ ಒಂದೇ ಮಾತು ಓಡಾಡುತ್ತದೆ: ‘ಸಿನಿಮಾ ನೋಡಿ ನೋಡಿ ಕೆಟ್ಲು.’ ಮದುವೆ ಮನೆಗಳಲ್ಲಿ, ಆಸ್ಪತ್ರೆಯ ಬೆಂಚುಗಳ ಮೇಲೆ ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಬಹಳ ದಿನ ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಹತ್ತು ಜನ ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಂತಲ್ಲ; ಒಬ್ಬರು ಹೇಳಿದ್ದನ್ನು ಒಂಬತ್ತು ಜನ ಕೇಳಿಸಿಕೊಂಡಿದ್ದಾರೆ, ಅಷ್ಟೇ.

ಆ ಮನೆಯಲ್ಲಿ ಟಿವಿ ಇತ್ತು, ಪಡಸಾಲೆಯಲ್ಲಿ. ರಿಮೋಟ್ ತಾತನ ದಿಂಬಿನ ಕೆಳಗಿರುತ್ತಿತ್ತು. ಸುದ್ದಿ ಮತ್ತು ಪ್ರವಚನ ಬಿಟ್ಟು ಟಿವಿಯಲ್ಲಿ ಬೇರೇನೂ ಬರುವುದೇ ಇಲ್ಲವೆಂದು ಚಿಕ್ಕವಳಿದ್ದಾಗ ನಾನು ತಿಳಿದಿದ್ದೆ. ಹಾಗಾಗಿ ಹೆಂಗಸರಿಗೆ ಸಿನಿಮಾ ಸಿಗುತ್ತಿದ್ದದ್ದು ಹಿತ್ತಲಲ್ಲಿ, ಅತ್ತೆಯ ಬಾಯಿಂದ. ಆಕೆ ಹೊಲಿಗೆ ಕಲಿಯಲು ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗುತ್ತಿದ್ದಳು. ಆಗಾಗ ಗೆಳತಿಯರ ಜೊತೆ ಮ್ಯಾಟ್ನಿ ನೋಡಿ ಬಂದು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ದಿನಗಳಲ್ಲಿ ಒಂದೊಂದು ಸಿನಿಮಾವನ್ನು ಮೂರು ಮಧ್ಯಾಹ್ನ ಹೇಳುತ್ತಿದ್ದಳು. ಹಾಡಿದ್ದಲ್ಲಿ ಹಾಡು, ಹೊಡೆದಾಟವಿದ್ದಲ್ಲಿ ಮೊರ ಬಡಿಯುವುದು. ಅಲ್ಲೊಂದು ಪದ್ಧತಿಯಿತ್ತು: ಯಾರಿಗಾದರೂ ಒಂದು ಭಾಗ ಹಿಡಿಸಿದರೆ ಅವರು ಒಂದು ಮೆಣಸಿನಕಾಯಿಯನ್ನು ಅತ್ತೆಯ ಉಡಿಗೆ ಎಸೆಯಬೇಕು, ಆಕೆ ಆ ಭಾಗವನ್ನು ಇನ್ನೊಮ್ಮೆ ಹೇಳಬೇಕು. ಒಳ್ಳೆಯವರಿಗಾಗಿ ಯಾರಾದರೂ ಮೆಣಸಿನಕಾಯಿ ಎಸೆದದ್ದನ್ನು ನಾನು ಕಾಣೆ. ಸುಳ್ಳು ಹೇಳುವವಳು, ಹಿರಿಯರಿಗೆ ಎದುರಾಡುವವನು, ಕುಡಿದು ಬಂದು ಅಣ್ಣನ ಬಣ್ಣ ಬಯಲು ಮಾಡುವ ತಮ್ಮ, ಇವರು ಬಂದಾಗಲೇ ಅತ್ತೆಯ ಉಡಿ ತುಂಬುತ್ತಿತ್ತು.

ಇಂಥವರು ಜನರಿಗೆ ಯಾಕೆ ಹಿಡಿಸುತ್ತಾರೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ನಮ್ಮಿಂದ ಮಾಡಲಾಗದ್ದನ್ನು ಅವರು ಮಾಡುತ್ತಾರೆ. ಲಿಂಗಸುಗೂರಿನ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಅದನ್ನೇ ಹೇಳಿ ಗೆದ್ದಿದ್ದೆ. ಗೆದ್ದದ್ದೇ ತಪ್ಪಾಯಿತು, ಆಮೇಲೆ ಆ ಬಗ್ಗೆ ಮತ್ತೆ ಯೋಚಿಸಲಿಲ್ಲ. ಹಿತ್ತಲಿನ ಹೆಂಗಸರನ್ನು ನೆನೆದರೆ ಆ ಉತ್ತರ ನಿಲ್ಲುವುದಿಲ್ಲ. ಅವರಲ್ಲಿ ಯಾರಿಗೂ ಕುಡಿಯಬೇಕೆಂದಿರಲಿಲ್ಲ, ಮನೆ ಬಿಟ್ಟು ಓಡಬೇಕೆಂದಿರಲಿಲ್ಲ. ಅವರಿಗೆ ಬೇಕಿದ್ದದ್ದು ವಾದಿಸಲು ಒಂದು ಜಾಗ. ತಪ್ಪೇ ಮಾಡದ ನಾಯಕನಿಗೆ ನಮ್ಮಿಂದ ಏನೂ ಆಗಬೇಕಿಲ್ಲ. ತಪ್ಪು ಮಾಡಿದವಳಿಗೆ ವಕೀಲರು ಬೇಕು. ‘ಸುಳ್ಳು ಹೇಳ್ಯಾಳ ಖರೆ, ಯಾಕ ಹೇಳ್ಯಾಳ ಅದನ್ನ ಕೇಳ್ರಿ ಮೊದ್ಲ,’ ಎಂದು ಪಕ್ಕದ ಮನೆಯ ಖಾಜಾಬಿ ಕೆಲಸ ಬಿಟ್ಟು ಎದ್ದೇ ನಿಲ್ಲುತ್ತಿದ್ದಳು. ಪಡಸಾಲೆಯಲ್ಲಿ ತುಟಿ ಬಿಚ್ಚದವರು ಇಲ್ಲಿ ತಾವು ಕಾಣದ ಯಾವಳೋ ಹುಡುಗಿಗಾಗಿ ಹೊತ್ತು ಮುಳುಗುವ ತನಕ ವಾದ ಹೂಡುತ್ತಿದ್ದರು. ನಿಮ್ಮ ಬಾಲ್ಯಕ್ಕೂ ಇಂಥದೊಂದು ಹಿತ್ತಲು ಇದ್ದಿದ್ದರೆ, ಆ ಗದ್ದಲ ನಿಮ್ಮ ಕಿವಿಯಲ್ಲಿ ಇನ್ನೂ ಇದ್ದೀತು.

ನನಗೆ ಏಳು ವರ್ಷವಿದ್ದಾಗ ಅತ್ತೆ ಹೇಳಿದ ಒಂದು ಸಿನಿಮಾದಲ್ಲಿ ಒಬ್ಬ ಶ್ರೀಮಂತನ ಮಗಳಿದ್ದಳು. ಮುಂಗೋಪಿ, ಸುಳ್ಳುಗಾತಿ. ನಿಶ್ಚಯದ ದಿನ ಗಂಡಿನ ಕಡೆಯವರು ತಂದ ಸೀರೆಯ ತಟ್ಟೆಯನ್ನು ಅವರಿಗೇ ತಿರುಗಿ ಕೊಟ್ಟು ಮನೆಯಿಂದ ಹೊರಬೀಳುತ್ತಾಳೆ. ಬಸ್ಸು ಹತ್ತುತ್ತಾಳೆ, ಬಸ್ಸು ಹೋಗುತ್ತದೆ, ಅಲ್ಲಿಗೆ ಮುಗಿಯಿತು ಎಂದಳು ಅತ್ತೆ. ಖಾಜಾಬಿ ಒಪ್ಪಲಿಲ್ಲ.

‘ಅರೆ, ಅಪ್ಪನ ಕಾಲಿಗೆ ಬೀಳದ ಯಾವ ಸಿನಿಮಾ ಮುಗದೈತಬೇ? ಕಡೀಕ ನೀ ನಿದ್ದಿ ಹೊಡದಿರಬೇಕು.’

‘ಇಲ್ಲ ಖಾಜಾಬಿ, ಹಿಂಗ ಮುಗಿತೈತಿ. ನಾನೂ ನೋಡೀನಿ,’ ಎಂದಳು ಆಯಿ, ಅಂದರೆ ನನ್ನ ಅಜ್ಜಿ, ಅತ್ತೆಯ ತಾಯಿ. ಕಣ್ಣು ತೋರಿಸಲು ಸಿಂಧನೂರಿಗೆ ಹೋದ ದಿನ ಅತ್ತೆ ಆಕೆಯನ್ನು ಟಾಕೀಸಿಗೂ ಕರೆದೊಯ್ದಿದ್ದಳು. ತಾತನಿಗೆ ಅದು ಗೊತ್ತಿರಲಿಲ್ಲ.

‘ಕಣ್ಣಿಗೆ ಔಷಧ ಹಾಕಿಸ್ಕೊಂಡು ಸಿನಿಮಾ ನೋಡ್ಯಾಳಂತ ನಮ್ಮವ್ವ,’ ಎಂದು ಖಾಜಾಬಿ ಎಲ್ಲರನ್ನೂ ನಗಿಸಿದಳು. ಆಯಿ ನಗಲಿಲ್ಲ. ರಾಶಿಯಿಂದ ಒಂದು ಮೆಣಸಿನಕಾಯಿ ಆರಿಸಿ ಮಗಳ ಉಡಿಗೆ ಎಸೆದಳು. ತಟ್ಟೆಯ ಭಾಗ ಮತ್ತೆ ಬಂತು. ಇನ್ನೊಂದು ಎಸೆದಳು. ಮತ್ತೆ ಬಂತು.

ಮರುವರ್ಷ ಮುದಗಲ್ಲಿನಿಂದ ಅತ್ತೆಗೆ ಗಂಡಿನವರು ಬಂದರು. ಎಲ್ಲ ಕೂಡಿಬಂದು ನಿಶ್ಚಯದ ದಿನ, ಊಟಕ್ಕೆ ಮೊದಲು, ಹೊಲಿಗೆ ಮಷಿನ್ನು ಮಾತ್ರ ತವರಿನಲ್ಲೇ ಇರಲಿ, ನಮ್ಮಲ್ಲಿ ಸೊಸೆಯಂದಿರು ದುಡಿಯುವುದಿಲ್ಲ ಎಂದರು. ಅತ್ತೆ ಸೀರೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಗಂಡಿನ ತಂದೆಯ ಮುಂದಿಟ್ಟಳು. ‘ತಪ್ಪು ತಿಳ್ಕೋಬ್ಯಾಡ್ರಿ,’ ಎಂದಳು, ಅಷ್ಟೇ. ಎಂಟು ವರ್ಷದ ನಾನು, ಈಗ ಹೆಂಗಸರೆಲ್ಲ ಎದ್ದು ವಾದ ಶುರುಮಾಡುತ್ತಾರೆ ಎಂದು ಕಾದೆ. ಎಲ್ಲರೂ ನೆಲ ನೋಡುತ್ತಿದ್ದರು. ಖಾಜಾಬಿ ಕೂಡ. ಆಯಿ ಒಂದೇ ಮಾತು ಆಡಿದಳು: ‘ಸಿನಿಮಾ ನೋಡಿ ನೋಡಿ ಕೆಟ್ಟಾಳ್ರಿ ಆಕಿ.’ ಬಳಗದಲ್ಲಿ ಓಡಾಡುವ ಆ ಮಾತು ಹುಟ್ಟಿದ್ದು ಅಲ್ಲಿ. ‘ಮಷಿನ್ ತಗೊಂಡು ನಡಿ. ಈ ಮನಿ ಹೊಸ್ತಿಲಾ ಮತ್ತ ತುಳೀಬ್ಯಾಡ,’ ಎಂದ ತಾತ. ಅತ್ತೆ ತುಳಿಯಲಿಲ್ಲ.

ಕಳೆದ ವರ್ಷ ಆ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ಬಸ್ಸು ಹೋದ ಮೇಲೆ ಇನ್ನೂ ಅರ್ಧ ತಾಸು ಉಳಿದಿದೆ. ಹುಡುಗಿ ಪಡಬಾರದ ಪಾಡು ಪಟ್ಟು ತಿರುಗಿ ಬಂದು, ಅಪ್ಪನ ಕಾಲು ಹಿಡಿದು ಅತ್ತು, ಅದೇ ಗಂಡನ್ನು ಮದುವೆಯಾಗುತ್ತಾಳೆ. ಖಾಜಾಬಿಯ ಅನುಮಾನ ಸರಿಯಾಗಿತ್ತು. ಸಿನಿಮಾ ಅತ್ತೆಯನ್ನು ತಿದ್ದಿದ್ದರೆ ಆಕೆ ಕಾಲಿಗೆ ಬೀಳಬೇಕಿತ್ತು; ಆಕೆಯೇ ಸಿನಿಮಾವನ್ನು ತಿದ್ದಿಕೊಂಡಿದ್ದಳು. ಲಿಂಗಸುಗೂರಿನಲ್ಲಿರುವ ಆಕೆಯ ಹೊಲಿಗೆ ಅಂಗಡಿಗೆ ಹೋಗಿ, ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

‘ಉದ್ದ ಆಗಿತ್ತು ಬೇ, ಕತ್ತರಿಸಿದೆ,’ ಎಂದು ಹಲ್ಲಿನಿಂದ ದಾರ ಕಡಿದಳು. ಸ್ವಲ್ಪ ಹೊತ್ತಿಗೆ ಮಷಿನ್ನು ನಿಲ್ಲಿಸಿ ಕೇಳಿದಳು, ‘ಅವ್ವ ಹೆಂಗದಾಳ? ನನ್ನ ಸುದ್ದಿ ಏನರ ತೆಗಿತಾಳೇನು?’ ನಾನು ಗುಂಡಿಗಳ ಡಬ್ಬಿ ಜೋಡಿಸತೊಡಗಿದೆ.

ಆ ಮನೆ ಈಗಿಲ್ಲ. ತಾತ ಹೋದ ಮೇಲೆ ಮಾರಿದರು. ಬೇವು ಕಡಿದು ಹಿತ್ತಲಲ್ಲಿ ಅಂಗಡಿಗಳ ಸಾಲು ಎಬ್ಬಿಸಿದ್ದಾರೆ. ಖಾಜಾಬಿ ತುರ್ವಿಹಾಳದ ಮಗಳ ಮನೆಗೆ ಹೋಗಿ ಅಲ್ಲೇ ತೀರಿಕೊಂಡಳು. ತುಳಿಯಬೇಡ ಎಂದವರೂ ಇಲ್ಲ, ಹೊಸ್ತಿಲೂ ಇಲ್ಲ. ಆದರೂ ಸಿಂಧನೂರಿನಲ್ಲಿ ನಮ್ಮ ಜೊತೆಗಿರುವ ಆಯಿ ಮಗಳನ್ನು ಬಾ ಎಂದು ಕರೆದಿಲ್ಲ. ಅದಕ್ಕೆ, ಮತ್ತು ತಾನೂ ಕದ್ದು ನೋಡಿದ ಸಿನಿಮಾದ ಮೇಲೆ ಅವತ್ತು ತಪ್ಪು ಹೊರಿಸಿ ಕೈತೊಳೆದುಕೊಂಡದ್ದಕ್ಕೆ, ಆಕೆಯನ್ನು ನಾನು ದೂರುತ್ತೇನೆ. ಆದರೆ ಎದುರು ಪಕ್ಷದ ವಾದವನ್ನೂ ನಾನೇ ಕಟ್ಟಬಲ್ಲೆ. ಅತ್ತೆ ತಟ್ಟೆ ಇಟ್ಟ ಗಳಿಗೆಯಲ್ಲಿ ತಾತ ಮೂಲೆಯಲ್ಲಿದ್ದ ಬಾರುಕೋಲಿಗೆ ಕೈ ಹಾಕಿದ್ದ. ಆಯಿ ಆ ಮಾತು ಆಡಿದ ಮೇಲೆ ಆತ ಕೋಲು ಬಿಟ್ಟು, ಟಾಕೀಸಿನವರನ್ನೂ ಸಿನಿಮಾ ತೆಗೆಯುವವರನ್ನೂ ಬಯ್ಯತೊಡಗಿದ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ವಾದಗಳೂ ಸಮವಾಗಿ ತೂಗುತ್ತವೆ, ತೀರ್ಪು ಹೇಳಬಲ್ಲವಳು ಒಬ್ಬಳೇ ಉಳಿದಿದ್ದಾಳೆ. ನಿನ್ನೆ ಸಂಜೆ ಆಕೆಯ ತಲೆ ಬಾಚುತ್ತ ಕೇಳಿದೆ.

‘ಆಯಿ, ಆ ಸಿನಿಮಾ ಹೆಂಗ ಮುಗಿತೈತಿ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ತಪ್ಪೆಲ್ಲಾ ಸಿನಿಮಾದ ಮ್ಯಾಲ ಹಾಕಿದಿ. ಅತ್ತಿನ್ನ ಉಳಿಸಾಕ ಹಾಕಿದೇನು, ನಿನ್ನ ನೀ ಉಳಿಸ್ಕೊಳ್ಳಾಕ ಹಾಕಿದೇನು?’